ಮಧುಗಿರಿ ಸೀಮೆಯ ಗುಡ್ಡದ ದಾರಿಗಳು

ತುಮಕೂರನ್ನು ಬಿಟ್ಟು ಉತ್ತರಾಭಿಮುಖವಾಗಿ ನಡೆದವನಿಗೆ ಮೊದಲು ಕೊರಟಗೆರೆಯೂ, ಅನಂತರ ಮಧುಗಿರಿಯೂ, ಸುಮಾರು ೬೦ ಮೈಲಿಗಳ ಕೊನೆಯಲ್ಲಿ ಪಾವಗಡವೂ ದೊರೆಯುತ್ತವೆ. ಈ ಮೂರು ಊರುಗಳೂ ಒಂದೇ ಕಲ್ಲಿನ ಬೆನ್ನನ್ನು ಆಶ್ರಯಿಸಿಕೊಂಡಿರುವುವೆಂದರೆ ತಪ್ಪಾಗದು. ರಾಮನಗರದ ಕಡೆಯಿಂದ ಉತ್ತರಕ್ಕೆ ಸಾಗಿಬರುವ ಕಗ್ಗಲ್ಲಿನ ಗುಡ್ಡಗಳ ಸಾಲು ಇಲ್ಲಿ ಎತ್ತರವಾಗಿಯೂ ಕಡಿದಾಗಿಯೂ ಎದ್ದು ನಿಲ್ಲುವುದು. ಭೂಗರ್ಭಶಾಸ್ತ್ರಜ್ಞರು ರಾಮನಗರದ ಹಿಂದಣ ಹೆಸರನ್ನು ಹಿಡಿದು ಇದನ್ನು ಕ್ಲೋಸ್‌ಪೇಟೆ ಗ್ರಾನೈಟೆಂದು ಕರೆದು, ಇದರ ವಯಸ್ಸನ್ನು ಸುಮಾರು ೨೫೦ ಕೋಟಿ ವರ್ಷಗಳೆಂದು ಗಣಿಸಿರುವರು. ಚನ್ನರಾಯನದುರ್ಗ, ಮಧುಗಿರಿ, ಮಿಡಿಗೇಶಿ, ಪಾವಗಡ, ನಿಡುಗಲ್ಲು ಎಂಬ ದುರ್ಗಗಳೆಲ್ಲವೂ ಈ ಸಾಲಿನ ಮೇಲೆಯೋ ಅದರ ಮಗ್ಗುಲಲ್ಲಿಯೋ ಇರುವುವು. ಸಿರಾ ಮಾತ್ರ ಈ ಬೆನ್ನಿನಿಂದ ಪಶ್ಚಿಮಕ್ಕೆ ಸರಿದು ಬಯಲಿನಲ್ಲಿ ನಿಂತಿದೆ. ಅದು ಹಾಗೆ ನಿಂತದ್ದು ಅಕಸ್ಮಾತ್ತಲ್ಲವೆಂಬುದು ಮುಂದೆ ತಿಳಿದುಬರುವುದು.

ಈಗ ಕೆಲವು ವರ್ಷಗಳಿಂದ ಈ ಗುಡ್ಡಗಳ ತಪ್ಪಲಿಗೆ ಹೊಸದೊಂದು ಬಗೆಯ ಸಂಚಾರಿಗಳು ಬರತೊಡಗಿರುವರು. ವಾರದ ಕೊನೆಯಲ್ಲಿ ಬೆಂಗಳೂರಿನಿಂದ ಮೋಟಾರು ಸೈಕಲ್ಲುಗಳ ಮೇಲೆ ಹೊರಟು, ಹೆದ್ದಾರಿಯನ್ನು ಬೇಕೆಂದೇ ಬಿಟ್ಟು, ಮಣ್ಣುದಾರಿ, ಕಾಲುದಾರಿ, ಹಳ್ಳದ ಮರಳು, ಕಾವಲಿನ ಹುಲ್ಲು ಇವುಗಳ ಮೇಲೆ ಓಡಾಡುವುದೇ ಅವರ ವಿನೋದ. ಹಿಂದಿನವರು ದಾರಿಯಿಲ್ಲದೆ ಹಾದಿ ಬಿಟ್ಟು ನಡೆದರು. ಇವರು ದಾರಿಯಿದ್ದೂ ಹಾದಿ ಬಿಡುವರು. ಭೇದವು ದೊಡ್ಡದೇ ಸರಿ. ಆದರೆ ಹೊರಡುವ ಮುನ್ನ ವಿಚಾರಿಸಬೇಕಾದ ಪ್ರಶ್ನೆಗಳು ಅಷ್ಟಾಗಿ ಬದಲಾಗಿಲ್ಲ. ನೀರೆಲ್ಲಿ? ನೆಲವೆಂತಹುದು? ಹೊರೆಯೆಷ್ಟು? ಯಾರ ನೆಲದ ಮೇಲೆ, ಯಾರ ಅಪ್ಪಣೆಯಿಂದ ಹೋಗಬೇಕು? ಈ ಪ್ರಶ್ನೆಗಳಿಗೆ ಈ ಸೀಮೆಯ ಇತಿಹಾಸವು ಕೊಟ್ಟಿರುವ ಉತ್ತರಗಳು ವಿಚಾರಾರ್ಹವಾಗಿರುವುವು.

ಪಾಳೆಯಗಾರರ ಕಾಲದಲ್ಲಿ ದಾರಿಯಿಲ್ಲದಿರುವುದೇ ಸ್ಥಳಕ್ಕೆ ಒಂದು ದೊಡ್ಡ ಗುಣವಾಗಿತ್ತು. ಮಧುಗಿರಿಯ ಬೆಟ್ಟವು ಸಮುದ್ರಮಟ್ಟದಿಂದ ೩,೯೩೦ ಅಡಿ ಎತ್ತರವುಳ್ಳ ಏಕಶಿಲೆ. ಅದರ ಮೈ ನುಣುಪಾಗಿ, ಕೆಲವು ಕಡೆ ಕಾಲಿಡಲು ಕಲ್ಲಿನಲ್ಲಿ ಕೊರೆದ ಗುಳಿಗಳಲ್ಲದೆ ಬೇರೆ ಆಸರೆಯಿಲ್ಲದೆ ಇರುವುದು. ಅಂತರಾಳದ ಬಾಗಿಲು, ದಿಡ್ಡಿಬಾಗಿಲು, ಮೈಸೂರು ಬಾಗಿಲು ಎಂದು ಒಂದರ ಮೇಲೊಂದು ದಾಟಿದ ಹೊರತು ಮೇಲಕ್ಕೆ ಗತಿಯಿಲ್ಲ. ಆಗ ಈ ಊರಿನ ಹೆಸರು ಮದ್ದಗಿರಿ. ಮಧುಗಿರಿಯೆಂಬ ಈಗಿನ ಹೆಸರು ೧೯೨೭ರಲ್ಲಿ ನೆಲೆಗೊಂಡಿತು. ಇಲ್ಲಿಯ ಗೌಡ ಮನೆತನದವರಿಂದ ಚಿಕ್ಕದೇವರಾಜ ಒಡೆಯರ ಸೇನೆಯು ೧೬೭೮ರಲ್ಲಿ ಇದನ್ನು ತೆಗೆದುಕೊಂಡಿತು. ಹೈದರಾಲಿಯು ಕೋಟೆಯನ್ನು ಮತ್ತಷ್ಟು ಬಲಪಡಿಸಿದನು. ೧೭೬೩ರಲ್ಲಿ ಬಿದನೂರನ್ನು ಗೆದ್ದ ಮೇಲೆ ರಾಣಿ ವೀರಮ್ಮಾಜಿಯನ್ನೂ ಅವಳ ದತ್ತುಪುತ್ರನನ್ನೂ ಸೆರೆಯಿಡಲು ಅವನು ಆರಿಸಿಕೊಂಡದ್ದು ಈ ಬೆಟ್ಟವನ್ನೇ. ಮಲೆನಾಡಿನ ಹಸುರಿನಲ್ಲಿ ಆಳಿದ ರಾಣಿಗೆ ಈ ಬೋಳುಗಲ್ಲು ನಾಲ್ಕು ವರ್ಷಗಳ ವಾಸವಾಯಿತು. ೧೭೬೭ರಲ್ಲಿ ಪೇಶ್ವೆ ಮಾಧವರಾಯನು ಕೋಟೆಯನ್ನು ಹಿಡಿದು ಅವಳನ್ನು ಬಿಡಿಸಿದನು. ಪುಣೆಗೆ ಹೋಗುವ ದಾರಿಯಲ್ಲಿಯೇ ಅವಳು ತೀರಿಕೊಂಡಳೆಂದು ಚರಿತ್ರೆಕಾರರು ಹೇಳುವರು. ಮಿಡಿಗೇಶಿಯ ದುರ್ಗಕ್ಕೂ ಒಬ್ಬ ಹೆಂಗಸಿನ ಹೆಸರೇ ಉಳಿದಿರುವುದನ್ನು ಇಲ್ಲಿ ನೆನೆಯಬಹುದು. ಹಿಮ್ಮಡಿಯನ್ನು ಮುಟ್ಟುವಷ್ಟು ನೀಳವಾದ ಕೇಶವುಳ್ಳವಳೊಬ್ಬಳಿಂದ ಆ ಹೆಸರು ಬಂದಿತೆಂಬ ಕಥೆಯನ್ನು ಊರಿನವರು ಈಗಲೂ ಹೇಳುತ್ತಾರೆ.

ಕಲ್ಲಿನ ಮೇಲೆ ಕುಳಿತವನನ್ನು ಕುದುರೆಯ ಮೇಲೆ ಬಂದವನು ಗೆಲ್ಲುವುದು ಕಷ್ಟ. ಆದರೆ ಕಲ್ಲಿನ ಮೇಲೆ ಕುಳಿತವನು ನಾಡನ್ನು ಆಳುವುದೂ ಅಷ್ಟೇ ಕಷ್ಟ. ಸಿರಾ ಪಟ್ಟಣದ ಇತಿಹಾಸವು ಇದಕ್ಕೆ ನಿದರ್ಶನ. ರತ್ನಗಿರಿಯ ನಾಯಕನಾದ ರಂಗಪ್ಪನಾಯಕನು ಆರಂಭಿಸಿದ ಈ ಊರನ್ನು ಬಿಜಾಪುರದ ರಣದುಲ್ಲಾಖಾನನು ೧೬೩೮ರಲ್ಲಿ ವಶಪಡಿಸಿಕೊಂಡನು. ಬಿಜಾಪುರವು ಬಿದ್ದ ಮೇಲೆ, ೧೬೮೭ರಲ್ಲಿ, ಮೊಗಲರು ತಮ್ಮ ದಕ್ಷಿಣದ ಹೊಸ ಸುಬೆಗೆ ಸಿರಾವನ್ನೇ ರಾಜಧಾನಿಯನ್ನಾಗಿ ಮಾಡಿ, ಬಸವಾಪಟ್ಟಣ, ಬೂದಿಹಾಳು, ಸಿರಾ, ಪೆನುಗೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣೆಗಳನ್ನು ಅದಕ್ಕೆ ಸೇರಿಸಿದರು. ಮಧುಗಿರಿ, ನಿಡುಗಲ್ಲುಗಳಂತಹ ದುರ್ಗಗಳು ಕೈಗೆಟುಕುವಷ್ಟು ಸಮೀಪದಲ್ಲಿರುವಾಗ ಬಯಲಿನ ಊರೇಕೆ? ಮೊಗಲರ ಬಲವು ಕುದುರೆ. ಕುದುರೆಗೆ ಬೇಕಾದದ್ದು ಹುಲ್ಲು, ಕೆರೆ, ಓಡುವ ನೆಲ. ಬಂಡೆಯ ತುದಿಯಲ್ಲಿ ಇವು ಮೂರೂ ಇಲ್ಲ. ೧೬೯೬ರ ಜುಮ್ಮಾ ಮಸೀದಿಯೂ, ಅದಕ್ಕೂ ಹಿಂದಿನದಾದ ಮಲಿಕ್ ರಿಹಾನನ ದರ್ಗವೂ, ಬೆಂಗಳೂರಿನ ಲಾಲ್‌ಬಾಗಿಗೆ ಮಾದರಿಯಾಯಿತೆಂದು ಹೇಳಲಾಗುವ ಖಾನ್‌ಬಾಗೂ ಬಯಲಿನ ಈ ರಾಜಧಾನಿಯ ಏಳಿಗೆಯನ್ನು ಸೂಚಿಸುವುವು.

ಇಷ್ಟಾದರೂ ಆ ಮೊದಲನೆಯ ಸುಬೇದಾರನಾದ ಖಾಸಿಂಖಾನನಿಗೆ ಈ ನೆಲವು ಕಲಿಸಿದ ಪಾಠವು ಬಹು ಕಠಿನವಾದದ್ದು. ಹೊರೆಯ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರವು ಕನ್ನಡನಾಡಿನ ಚರಿತ್ರೆಯಲ್ಲಿ ಸಿಕ್ಕುವುದು ಅಪರೂಪ. ೧೬೯೫ರ ಕೊನೆಯ ತಿಂಗಳುಗಳಲ್ಲಿ ಮರಾಠರ ಸೇನಾಪತಿ ಸಂತಾಜಿ ಘೋರ್ಪಡೆಯು ಕೊಳ್ಳೆಯೊಡನೆ ಈ ಕಡೆ ಬರುತ್ತಿರಲು, ಅವನನ್ನು ತಡೆಯುವಂತೆ ಔರಂಗಜೇಬನು ಖಾಸಿಂಖಾನನಿಗೆ ಅಪ್ಪಣೆ ಮಾಡಿ, ತನ್ನ ಪಾಳೆಯದಿಂದ ಖಾನಾಜಾದ್ ಖಾನನೇ ಮೊದಲಾದ ದೊಡ್ಡ ಸರದಾರರನ್ನು ಅವನ ಸಹಾಯಕ್ಕೆ ಕಳುಹಿಸಿದನು. ಬಂದ ಅತಿಥಿಗಳ ಅಂತಸ್ತಿಗೆ ಕುಂದು ಬರಬಾರದೆಂದು ಖಾಸಿಂಖಾನನು ಅದುವರೆಗೆ ಹೊರಗೆ ತೆಗೆಯದ ಡೇರೆಗಳನ್ನೂ, ಚಿನ್ನ ಬೆಳ್ಳಿ ಪಿಂಗಾಣಿಯ ಪಾತ್ರೆಗಳನ್ನೂ ಹೇರಿಸಿ, ಮರುದಿನದ ಬೀಡಿಗಾಗಿ ಕೆಲವು ಮೈಲಿ ಮುಂದಕ್ಕೆ ಕಳುಹಿಸಿದನು. ಸಂತಾಜಿಯು ತನ್ನ ಹಗುರವಾದ ದಂಡನ್ನು ಮೂರು ಪಾಲು ಮಾಡಿ, ಒಂದು ಪಾಲಿನಿಂದ ಆ ಮುಂದೆ ಹೋದ ಸಾಮಾನನ್ನು ಕೊಳ್ಳೆಹೊಡೆಯಿಸಿದನು. ಅದನ್ನು ಬಿಡಿಸಲು ಖಾಸಿಂಖಾನನು ಧಾವಿಸಿದನು. ಅವನನ್ನು ಎರಡನೆಯ ಪಾಲು ತಡೆಯಿತು. ಇಷ್ಟರಲ್ಲಿ ಹಿಂದೆ ಉಳಿದಿದ್ದ ಬೀಡನ್ನು ಮೂರನೆಯ ಪಾಲು ಸುಲಿಯಿತು. ಮೊಗಲ ಸರದಾರರು ಹಿಮ್ಮೆಟ್ಟಿ ಚಳ್ಳಕೆರೆಯ ಸಮೀಪದ ದೊಡ್ಡೇರಿಯ ಸಣ್ಣ ಕೋಟೆಯನ್ನು ಹೊಕ್ಕು, ಅನ್ನವಿಲ್ಲದೆ, ಸುತ್ತಲೂ ಮರಾಠರ ಕಾವಲಿನ ನಡುವೆ ಸಿಕ್ಕಿಬಿದ್ದರು. ಖಾಸಿಂಖಾನನು ಅಲ್ಲಿಯೇ ಸತ್ತನು. ಉಳಿದವರು ಹಣವನ್ನು ಒಪ್ಪಿಸಿ ಪ್ರಾಣವನ್ನುಳಿಸಿಕೊಂಡರು. ಈ ಪ್ರಕರಣದಲ್ಲಿ ಪರಾಕ್ರಮದ ತಾರತಮ್ಯವನ್ನು ಹುಡುಕುವುದು ವ್ಯರ್ಥ. ಒಬ್ಬನು ಈ ಬಯಲನ್ನು ಪಿಂಗಾಣಿಯ ತಟ್ಟೆಗಳೊಡನೆ ದಾಟಲು ಹೊರಟನು. ಮತ್ತೊಬ್ಬನು ಕುದುರೆಯ ಜೀನಿನಲ್ಲಿ ಹಿಡಿಸಿದಷ್ಟನ್ನೇ ತಂದಿದ್ದನು.

ಕುದುರೆಗಿಂತಲೂ ಈ ಸೀಮೆಗೆ ಹೆಚ್ಚು ಹೊಂದಿಕೊಂಡ ವಾಹನವೆಂದರೆ ಎತ್ತು. ಇಂದು ಎತ್ತೆಂದರೆ ನಿಧಾನದ ಪರ್ಯಾಯಪದವೆಂಬಂತಾಗಿದೆ. ಆದರೆ ಇಲ್ಲಿಯ ಹಳ್ಳಿಕಾರ್ ತಳಿಯ, ಅದರಿಂದ ಬೆಳೆದ ಅಮೃತಮಹಲಿನ ಎತ್ತುಗಳು ಹಾಗಿರಲಿಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆಚಾವಡಿಯೆಂದಿದ್ದ ಅರಮನೆಯ ದನಗಳ ಇಲಾಖೆಯನ್ನು ಹೈದರಾಲಿಯು ಯುದ್ಧಕ್ಕಾಗಿ ಬೆಳೆಸಿದನು. ಟಿಪ್ಪುಸುಲ್ತಾನನು ಅದಕ್ಕೆ ಅಮೃತಮಹಲೆಂದು ಹೆಸರಿಟ್ಟು, ದನಗಳ ಪಾಲನೆಯ ಬಗ್ಗೆ ಹುಕುಂನಾಮೆಯನ್ನು ಹೊರಡಿಸಿದನು. ೧೭೮೧ರಲ್ಲಿ ಚಿದಂಬರದ ರಕ್ಷಣೆಗಾಗಿ ಹೈದರನು ತನ್ನ ದಂಡಿನೊಡನೆ ಎರಡೂವರೆ ದಿನಗಳಲ್ಲಿ ೧೦೦ ಮೈಲಿ ನಡೆದನೆಂದೂ, ಸೋಲಿನ ಬಳಿಕ ಪ್ರತಿಸಲವೂ ಶತ್ರುವಿನ ಕಣ್ಣೆದುರಿನಿಂದ ಫಿರಂಗಿಗಳನ್ನು ಎಳೆದೊಯ್ದನೆಂದೂ ಬರೆದವರು ಅದಕ್ಕೆ ಈ ಎತ್ತುಗಳನ್ನೇ ಕಾರಣವಾಗಿ ಹೇಳಿರುವರು. ೧೭೯೯ರ ಅನಂತರ ಇಂಗ್ಲಿಷರು ಈ ಮಂದೆಗಳನ್ನು ತಮ್ಮ ಸೈನ್ಯಕ್ಕಾಗಿ ಉಳಿಸಿಕೊಂಡರು. ೧೮೬೦ರಲ್ಲಿ ಮಿತವ್ಯಯದ ಹೆಸರಿನಲ್ಲಿ ಮಾರಿಬಿಟ್ಟರು. ಆರು ವರ್ಷಗಳಲ್ಲಿ ಪಶ್ಚಾತ್ತಾಪಪಟ್ಟು ಮತ್ತೆ ಕೂಡಿಸತೊಡಗಿದರು.

ಈ ದನಗಳ ವಿಷಯದಲ್ಲಿ ಇಲ್ಲಿ ಮುಖ್ಯವಾದದ್ದು ಅವುಗಳ ಓಟವಲ್ಲ, ಅವುಗಳ ನೆಲ. ಅಮೃತಮಹಲಿನ ಕಾವಲುಗಳೆಂದರೆ ಹುಲ್ಲುಗಾವಲುಗಳು. ಮೈಸೂರು ಸಂಸ್ಥಾನದ ತುಮಕೂರು, ಚಿತ್ರದುರ್ಗ, ಹಾಸನ, ಕಡೂರು ಮೊದಲಾದ ಪ್ರಾಂತಗಳಲ್ಲಿ ಇವು ಹರಡಿಕೊಂಡಿದ್ದುವು. ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಅವುಗಳನ್ನು ವಿಂಗಡಿಸಲಾಗಿತ್ತು. ಕೆರೆಯ ಅಂಗಳದಲ್ಲಿಯೋ ಮರದ ನೆರಳಿನಲ್ಲಿಯೋ ಬೇಸಗೆಯನ್ನು ಕಳೆದ ಮಂದೆಯು ಮಳೆ ಬಿದ್ದೊಡನೆ ಎತ್ತರದ ಗರಸುನೆಲಕ್ಕೆ ಏರುವುದು; ಅದು ಹೋದ ಮೇಲೆ ಹಿಂದಿನ ಹುಲ್ಲು ಮತ್ತೆ ಚಿಗುರುವುದು. ಸೇರ್ವೇಗಾರರೆಂಬ ಮೇಲ್ವಿಚಾರಕರಿಗೆ ಯಾವ ತಿಂಗಳಲ್ಲಿ ಯಾವ ನೆಲವನ್ನು ತುಳಿಯಬಹುದು, ಯಾವುದನ್ನು ತುಳಿಯಬಾರದು ಎಂಬುದೇ ವಿದ್ಯೆಯಾಗಿತ್ತು. ಸಾರ್ವಜನಿಕವಾದ ಗುಡ್ಡಗಾಡಿನ ಮೇಲೆ ಸಂಚಾರವನ್ನು ಕ್ರಮಪಡಿಸುವ ಯೋಜನೆಯೊಂದು ಈ ದೇಶದಲ್ಲಿ ಇದ್ದಿತೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ. ಅದು ಮನುಷ್ಯರ ವಿನೋದಕ್ಕಾಗಿ ಮಾಡಿದ್ದಲ್ಲ, ಅಷ್ಟೆ.

ಸರಕಾರದ ಮಂದೆಗಳ ಜೊತೆಗೆ ಕಾಡುಗೊಲ್ಲರ ಮಂದೆಗಳೂ ಇದ್ದುವು, ಇಂದಿಗೂ ಇರುವುವು. ಸಿರಾ, ಪಾವಗಡದ ಕಡೆ ಊರಿನಿಂದ ಬೇರೆಯಾಗಿ, ಮುಳ್ಳುಬೇಲಿಯ ಹಟ್ಟಿಗಳಲ್ಲಿ ವಾಸಿಸುವ ಈ ಜನರ ವೀರನಾದ ಜುಂಜಪ್ಪನ ಗುಡ್ಡೆಯು ಸಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿದೆ. ಅವನ ಕಥೆಯು ದನಗಳೊಡನೆ ಕಾಡು ಬಯಲು ಅಲೆದ ಕಥೆಯೇ ಆಗಿರುವುದು. ಹೇರೆತ್ತುಗಳ ಮೇಲೆ ಉಪ್ಪು ಧಾನ್ಯಗಳನ್ನು ಸಾಗಿಸುತ್ತಿದ್ದ ಲಂಬಾಣಿಗಳಿಗೂ ಬಂಡಿಯ ದಾರಿ ಬೇಕಾಗಿರಲಿಲ್ಲ. ಎತ್ತಿನ ಗೊರಸು ಹೋದಲ್ಲೆಲ್ಲ ಅವರ ವ್ಯಾಪಾರವು ಹೋಯಿತು. ಕಬ್ಬಿಣದ ಪಟ್ಟಿ ಹೊಡೆದ ಚಕ್ರವು ಬಂದ ಮೇಲೆಯೇ ಈ ಸೀಮೆಯಲ್ಲಿ ದಾರಿಯೆಂಬುದು ಒಂದೇ ಕಡೆ ಉಳಿದು, ಮಳೆಗೆ ಕೊರೆದು, ಓಣಿಯಾದದ್ದು.

ಶ್ರೀರಂಗಪಟ್ಟಣವು ಬಿದ್ದ ಮರುವರ್ಷವೇ ಕಾಗದ ಲೇಖನಿಗಳನ್ನು ಹಿಡಿದ ಸಂಚಾರಿಗಳು ಬಂದರು. ವೆಲ್ಲೆಸ್ಲಿಯ ಅಪ್ಪಣೆಯಂತೆ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ನನು ೧೮೦೦ನೆಯ ಏಪ್ರಿಲ್ ೨೩ರಂದು ಮದರಾಸನ್ನು ಬಿಟ್ಟು ಮೈಸೂರು ಸೀಮೆಯನ್ನು ಸುತ್ತಿದನು. ಕೋಲಾರದ ಕಡೆಯಿಂದ ಸಿರಾಕ್ಕೆ ಬರುವಾಗ ಮಧುಗಿರಿ, ಚನ್ನರಾಯನದುರ್ಗಗಳ ನೆರೆಯನ್ನು ಅವನು ನೋಡಿದನು. ಬೆಟ್ಟದ ಹಳ್ಳಗಳು ಮಳೆಗಾಲದಲ್ಲಿ ಹೊತ್ತು ತರುವ ಕರಿಯ ಮರಳಿನಿಂದ ಇಲ್ಲಿಯ ಜನರು ಕಬ್ಬಿಣವನ್ನು ಕರಗಿಸುತ್ತಿದ್ದ ಬಗೆಯನ್ನು ಕುಲುಮೆ, ತಿದಿ, ಇದ್ದಿಲುಗಳ ವಿವರದೊಡನೆ ಅವನು ಬರೆದಿಟ್ಟಿರುವನು. ಅವನ ಪ್ರವಾಸ ಗ್ರಂಥವು ೧೮೦೭ರಲ್ಲಿ ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾಯಿತು. ಬುಕಾನನ್ನನ ವಿಧಾನವು ಸರಳವಾದದ್ದು. ದಿನಕ್ಕೊಂದು ಮಜಲು ನಡೆಯುವುದು. ಬೀಡು ಬಿಟ್ಟಲ್ಲಿ ಊರಿನ ಬಲ್ಲವರನ್ನು ಕರೆಯಿಸಿ ಕೇಳುವುದು. ಒಬ್ಬನು ಹೇಳಿದ್ದನ್ನು ಮತ್ತೊಬ್ಬನಲ್ಲಿ ಪರೀಕ್ಷಿಸುವುದು. ಅವನ ತೀರ್ಪುಗಳಲ್ಲಿ ವಿಜೇತನ ಗರ್ವವು ಹಲವೆಡೆ ಕಾಣುವುದಾದರೂ, ಕೇಳುವ ತಾಳ್ಮೆಯನ್ನು ಅಲ್ಲಗಳೆಯುವಂತಿಲ್ಲ.

ಅದೇ ವರ್ಷ ಕಾಲಿನ್ ಮೆಕೆಂಜಿಯ ಮೈಸೂರು ಮೋಜಣಿಯೂ ಆರಂಭವಾಯಿತು. ವಿಲಿಯಂ ಲ್ಯಾಂಬ್ಟನ್ನನು ಭೂಮಿಯ ಗಾತ್ರವನ್ನೇ ಅಳೆಯುವ ಉದ್ದೇಶದಿಂದ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋಣಗಳನ್ನು ಕಟ್ಟುತ್ತ ಬಂದನು. ಅವನ ದೊಡ್ಡ ಥಿಯೊಡೊಲೈಟು ಅರ್ಧ ಟನ್ನಿನಷ್ಟು ಭಾರವಾಗಿತ್ತು. ಬೆಂಗಳೂರಿನ ದೊಡ್ಡಗುಂಟೆಗೂ ಪಾವಗಡಕ್ಕೂ ನಡುವೆ ಅವನು ನಕ್ಷತ್ರಗಳನ್ನು ಗುರಿಯಿಟ್ಟು ನೋಡಿ ಒಂದು ಡಿಗ್ರಿಗಿಂತ ಸ್ವಲ್ಪ ಹೆಚ್ಚಾದ ಅಕ್ಷಾಂಶದ ಕಮಾನನ್ನು ನಿರ್ಣಯಿಸಿದನು. ಬರಗಾಲಕ್ಕೆ ಹೆಸರಾದ ಪಾವಗಡವು ಭೂಗೋಳದ ಆಕಾರವನ್ನು ತಿಳಿಯುವ ಲೆಕ್ಕದಲ್ಲಿ ಒಂದು ಅಂಕೆಯಾಗಿ ಸೇರಿಹೋದ ಸಂಗತಿಯು ಆ ಊರಿನಲ್ಲಿಯೇ ಹೆಚ್ಚು ಜನರಿಗೆ ತಿಳಿದಿರಲಾರದು. ಖಾಸಿಂಖಾನನ ಹೊರೆಯೂ ಭಾರವೇ, ಲ್ಯಾಂಬ್ಟನ್ನನ ಹೊರೆಯೂ ಭಾರವೇ. ಆದರೆ ಎರಡನೆಯದರಲ್ಲಿ ಬೇಡದ ವಸ್ತುವಿರಲಿಲ್ಲ.

ರಸ್ತೆಗಳು ಆಮೇಲೆ ಬಂದುವು. ೧೮೩೪ರಿಂದ ೧೮೬೧ರ ವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನನ ಆಡಳಿತದಲ್ಲಿ ಸಂಸ್ಥಾನದೊಳಗೆ ಸುಮಾರು ೧,೬೦೦ ಮೈಲಿ ರಸ್ತೆಯಾಯಿತೆಂದು ಲೆಕ್ಕ. ಬೆಂಗಳೂರಿನಿಂದ ತುಮಕೂರು, ಸಿರಾ, ಚಿತ್ರದುರ್ಗಗಳ ಮೇಲೆ ಹರಿಹರಕ್ಕೆ ಹೋಗುವ ಪುಣೆಯ ರಸ್ತೆಯೇ ಅವುಗಳಲ್ಲಿ ಮುಖ್ಯವಾದದ್ದು. ಇಂದಿನ ೪೮ನೆಯ ರಾಷ್ಟ್ರೀಯ ಹೆದ್ದಾರಿಯೂ ಸಿರಾವನ್ನು ಮುಟ್ಟಿಯೇ ಹೋಗುವುದು. ಮೊಗಲರ ಕುದುರೆಗೆ ಒಪ್ಪಿದ ನೆಲವು ಲಾರಿಗಳಿಗೂ ಒಪ್ಪಿತು. ರೈಲುದಾರಿಯು ೧೮೮೪ರಲ್ಲಿ ತುಮಕೂರನ್ನು ಮುಟ್ಟಿ, ಅಲ್ಲಿಂದ ಗುಬ್ಬಿ ತಿಪಟೂರುಗಳ ಕಡೆ ತಿರುಗಿಬಿಟ್ಟಿತು. ಸಿರಾ, ಕೊರಟಗೆರೆ, ಮಧುಗಿರಿ, ಪಾವಗಡ ನಾಲ್ಕೂ ಹೊರಗುಳಿದುವು. ಕೊರಟಗೆರೆ, ಮಧುಗಿರಿ, ಪಾವಗಡಗಳ ಮೇಲೆ ರಾಯದುರ್ಗಕ್ಕೆ ಹೋಗುವ ದಾರಿಯೂ, ಸಿರಾದ ಮೇಲೆ ದಾವಣಗೆರೆಗೆ ಹೋಗುವ ದಾರಿಯೂ ಮಂಜೂರಾಗುವಷ್ಟರಲ್ಲಿ ನೂರು ವರ್ಷಗಳು ದಾಟಿದ್ದುವು. ಪಾವಗಡದ ಸ್ಥಿತಿಯಂತೂ ವಿಚಿತ್ರ. ಆ ತಾಲ್ಲೂಕಿನ ಬಹುಭಾಗವನ್ನು ಆಂಧ್ರದ ನೆಲವು ಸುತ್ತುವರಿದಿರುವುದರಿಂದ, ಒಂದು ಹಳ್ಳಿಯಿಂದ ಮತ್ತೊಂದಕ್ಕೆ ಹೋಗುವವನು ರಾಜ್ಯದ ಗಡಿಯನ್ನು ದಾಟಿ ಮತ್ತೆ ಒಳಗೆ ಬರುವುದುಂಟು.

ಈ ನಡುವೆ ಸದ್ದಿಲ್ಲದೆ ನಡೆದ ಮತ್ತೊಂದು ಕೆಲಸವು ರಸ್ತೆ ರೈಲುಗಳಿಗಿಂತ ಹೆಚ್ಚಿನ ಪರಿಣಾಮವನ್ನು ಮಾಡಿತು. ೧೮೬೩ರಲ್ಲಿ ಹರಿಹರ ತಾಲ್ಲೂಕಿನಿಂದ ಆರಂಭವಾದ ಕಂದಾಯದ ಮೋಜಣಿಯು ಕ್ರಮೇಣ ಸಂಸ್ಥಾನದ ಹಳ್ಳಿಗಳಿಗೆಲ್ಲ ಹರಡಿ, ಪ್ರತಿಯೊಂದು ತುಂಡು ನೆಲಕ್ಕೂ ನಂಬರನ್ನು ಕೊಟ್ಟಿತು. ಗೋಮಾಳ, ಕಾವಲು, ಸೇಂದಿವನ, ಗುಂಡುತೋಪು, ಖರಾಬು, ರಾಜ್ಯಾರಣ್ಯ ಎಂಬ ಹೆಸರುಗಳು ದಫ್ತರದಲ್ಲಿ ಬೇರೆಬೇರೆಯಾದುವು. ನೋಡುವವನ ಕಣ್ಣಿಗೆ ಒಂದೇ ಆಗಿ ಕಾಣುವ ಕುರುಚಲು ಗುಡ್ಡವು ಕಾಗದದ ಮೇಲೆ ನಾಲ್ಕು ಇಲಾಖೆಗಳಿಗೆ ಸೇರಿರಬಹುದು. ಗ್ರಾಮನಕ್ಷೆಯಲ್ಲಿ ಬಂಡಿದಾರಿಯನ್ನೂ ಕಾಲುದಾರಿಯನ್ನೂ ಗೆರೆಗಳಿಂದ ಗುರುತಿಸಿ, ದಾರಿ ಹಳ್ಳಗಳಿಗೆ ಬಿಟ್ಟ ನೆಲವನ್ನು ‘ಬಿ’ ಖರಾಬೆಂದು ಬರೆದು, ಅದರ ಮೇಲೆ ಸರ್ವರಿಗೂ ಹಕ್ಕನ್ನು ಉಳಿಸಿದರು. ಆ ಗೆರೆಗಳು ಇಂದಿಗೂ ನಕ್ಷೆಯಲ್ಲಿರುವುವು. ನೆಲದ ಮೇಲೆ ನೋಡಹೋದರೆ ಒಂದು ಕಡೆ ಜಾಲಿ ಬೆಳೆದಿದೆ, ಒಂದು ಕಡೆ ಯಾರೋ ಉತ್ತಿದ್ದಾರೆ, ಮತ್ತೊಂದು ಕಡೆ ತಂತಿಬೇಲಿ ಬಿದ್ದಿದೆ. ಗೋಮಾಳವನ್ನು ಅಪ್ಪಣೆಯಿಲ್ಲದೆ ಸಾಗುವಳಿ ಮಾಡಿದವರಿಗೆ ಅದನ್ನೇ ಮಂಜೂರು ಮಾಡುವ ಬಗರ್‌ಹುಕುಂ ಕಾನೂನು ೧೯೯೧ರಿಂದ ಬಂದಿತು. ನೆಲವಿಲ್ಲದವನಿಗೆ ಅದು ಅನ್ನವಾಯಿತೆಂಬುದು ದಿಟ. ಕುರಿ ಮೇಯಿಸುವವನ ಓಣಿಯು ಅದರಿಂದ ಕಿರಿದಾಯಿತೆಂಬುದೂ ದಿಟ. ಪಾವಗಡದ ತಿರುಮಣಿಯ ಸುತ್ತಣ ಐದು ಹಳ್ಳಿಗಳಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ೧೩,೦೦೦ ಎಕರೆಗಳ ಮೇಲೆ ೨,೦೫೦ ಮೆಗಾವ್ಯಾಟಿನ ಸೌರವಿದ್ಯುತ್ ಉದ್ಯಾನವು ೨೦೧೯ರಲ್ಲಿ ಪೂರ್ಣವಾಯಿತು. ಅಲ್ಲಿಯೂ ಹಳೆಯ ಹೊಲದ ಹಾದಿಗಳ ಜಾಗದಲ್ಲಿ ಈಗ ಬೇಲಿಗಳ ನಡುವಣ ನೇರವಾದ ರಸ್ತೆಗಳಿರುವುವು.

ಮೋಟಾರು ಸೈಕಲ್ಲು ಈ ಸೀಮೆಗೆ ಬಂದದ್ದು ವಿನೋದಕ್ಕಾಗಿ ಅಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು ೧೯೬೧ರಿಂದ ೧೯೯೬ರ ವರೆಗೆ ತಯಾರಿಸಿದ ಜಾವಾ, ಯೆಜ್ದಿ ಗಾಡಿಗಳು ಹಾಲಿನ ಕ್ಯಾನು, ಗೊಬ್ಬರದ ಮೂಟೆ, ಮೇಷ್ಟರು, ಪಶುವೈದ್ಯ ಎಲ್ಲರನ್ನೂ ಹೊತ್ತು, ಬಂಡಿಯ ಜಾಡಿನಲ್ಲಿಯೇ ಹಳ್ಳಿಯಿಂದ ಹಳ್ಳಿಗೆ ಓಡಾಡಿದುವು. ಎತ್ತಿನ ಕೆಲಸವನ್ನು ಅವು ವಹಿಸಿಕೊಂಡುವೆನ್ನಬೇಕು. ಹಾದಿ ಬಿಟ್ಟು ಓಡಿಸುವುದೇ ಒಂದು ಆಟವೆಂಬ ಭಾವನೆಯು ಈಚಿನದು. ೨೦೧೫ರಲ್ಲಿ ಬೆಂಗಳೂರಿನ ಸಿ. ಎಸ್. ಸಂತೋಷರು ದಕ್ಷಿಣ ಅಮೇರಿಕದ ಮರುಭೂಮಿಗಳಲ್ಲಿ ನಡೆದ ಡಾಕರ್ ರ‍್ಯಾಲಿಯನ್ನು ಪೂರೈಸಿದ ಮೊದಲನೆಯ ಭಾರತೀಯರಾದ 
ಮೇಲೆ ಈ ಆಟಕ್ಕೆ ನಮ್ಮ ನಾಡಿನಲ್ಲಿ ಗೌರವವೂ ಬಂದಿತು. ಅದಕ್ಕೆಂದೇ ಕೋಲಾರದ ಬಳಿ ಬೇಲಿ ಹಾಕಿದ ಅಭ್ಯಾಸದ ನೆಲವೂ ಆಯಿತು. ಬೇಲಿಯೊಳಗಿನ ಆಟಕ್ಕೆ ಯಾರ ಆಕ್ಷೇಪವೂ ಇರಲಾರದು. ಬೇಲಿಯಿಲ್ಲದ ಕಾವಲಿನಲ್ಲಿ ವಿಚಾರವು ಬೇರೆ.

ಗ್ರಾನೈಟು ಕರಗಿ ಆದ ಇಲ್ಲಿಯ ನೆಲವು ಮರಳುಮಿಶ್ರಿತವಾದ ಕೆಂಪು ಗರಸು. ಮೇಲೆ ತೆಳುವಾದ ಹುಲ್ಲಿನ ಹೊದಿಕೆ. ಮಳೆಯು ವರ್ಷಕ್ಕೆ ಕಡಿಮೆ, ಅದರಲ್ಲಿಯೂ ಬಹುಪಾಲು ಸೆಪ್ಟೆಂಬರ್ ಅಕ್ಟೋಬರುಗಳಲ್ಲಿ ಒಮ್ಮೆಲೇ ಸುರಿಯುವುದು. ಇಳಿಜಾರಿನಲ್ಲಿ ಟೈರು ಎಳೆದ ಗೀರು ಒಂದು ಮಳೆಗೆ ಕಾಲುವೆಯಾಗಿ, ಮೂರು ಮಳೆಗೆ ಕೊರಕಲಾಗುವುದು. ಗೊರಸು ನೆಲವನ್ನು ಚುಚ್ಚುತ್ತದೆ, ಚಕ್ರವು ಗೆರೆಯೆಳೆಯುತ್ತದೆ. ನೀರು ಗೆರೆಯನ್ನು ಹಿಡಿದು ಹರಿಯುವುದು. ಆ ಹುಲ್ಲಿನಲ್ಲಿಯೇ ಟಿಟ್ಟಿಭ, ಗೌಜಲಕ್ಕಿಗಳು ನೆಲದ ಮೇಲೆ ಮೊಟ್ಟೆಯಿಡುವುವು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಳಿ ೭೯೮ ಎಕರೆಗಳ ಹುಲ್ಲುಗಾವಲು ಕೃಷ್ಣಮೃಗಗಳಿಗಾಗಿ ೨೦೦೭ರಲ್ಲಿ ಜಯಮಂಗಲಿ ಸಂರಕ್ಷಣಾ ಮೀಸಲು ಎಂದು ಘೋಷಿತವಾಯಿತು. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ ಮಧುಗಿರಿಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುವ ನದಿಯ ಹೆಸರೇ ಅದಕ್ಕೆ ಬಂದಿದೆ. ತಿಮ್ಮಲಾಪುರದ ಕಾಡು ಕರಡಿಗಳ ನೆಲೆಯಾಗಿ ವನ್ಯಜೀವಿಧಾಮವಾಗಿದೆ. ಸಿರಾ ತಾಲ್ಲೂಕಿನ ಬುಕ್ಕಾಪಟ್ಟಣದಲ್ಲಿ, ದಕ್ಷಿಣದಲ್ಲಿ ಅಷ್ಟಾಗಿ ಕಾಣದ ಚಿಂಕಾರವೆಂಬ ಸಣ್ಣ ಜಿಂಕೆಯಿರುವುದು ಗೊತ್ತಾಗಿ, ೨೦೧೯ರಲ್ಲಿ ಸುಮಾರು ೧೩೬ ಚದರ ಕಿಲೋಮೀಟರು ಕಾಡನ್ನು ಅದಕ್ಕಾಗಿ ಧಾಮವನ್ನಾಗಿ ಮಾಡಲಾಯಿತು. ಮನುಷ್ಯನಿಗೆ ಬರಿಯ ಬಯಲಾಗಿ, ಪಾಳಾಗಿ, ಬೇಕಾದಂತೆ ಓಡಿಸಬಹುದಾದ ನೆಲವಾಗಿ ಕಂಡದ್ದೇ ಈ ಪ್ರಾಣಿಗಳಿಗೆ ಮನೆ. ಅಲ್ಲಿ ಮರಗಳಿಲ್ಲದಿರುವುದು ಕೊರತೆಯಲ್ಲ.

ಇಂತಹ ಪ್ರಶ್ನೆಯು ಈ ನಾಲ್ಕು ತಾಲ್ಲೂಕುಗಳಿಗೆ ಮಾತ್ರ ಬಂದದ್ದಲ್ಲ. ಅಮೇರಿಕದ ಸಂಯುಕ್ತ ಸಂಸ್ಥಾನಗಳ ಪಶ್ಚಿಮ ಭಾಗದಲ್ಲಿ ಸರಕಾರದ ಒಡೆತನದ ಬೆಟ್ಟ ಮರುಭೂಮಿಗಳು ಕೋಟ್ಯಂತರ ಎಕರೆಗಳಿರುವುವು. ಅಲ್ಲಿ ಹಾದಿ ಬಿಟ್ಟ ವಾಹನಗಳ ಹಾವಳಿಯು ಹೆಚ್ಚಲು, ಅಧ್ಯಕ್ಷ ನಿಕ್ಸನ್ನನು ೧೯೭೨ರ ಫೆಬ್ರವರಿಯಲ್ಲಿ ಆಜ್ಞೆಯೊಂದನ್ನು ಹೊರಡಿಸಿ, ಯಾವ ನೆಲವು ಅವುಗಳಿಗೆ ತೆರೆದಿದೆ, ಯಾವುದು ಮುಚ್ಚಿದೆ ಎಂಬುದನ್ನು ಗುರುತಿಸುವಂತೆಯೂ, ಮಣ್ಣಿಗೂ ಕಾಡುಪ್ರಾಣಿಗಳಿಗೂ ಇತರ ಸಂಚಾರಿಗಳಿಗೂ ಆಗುವ ಕೇಡು ಆದಷ್ಟು ಕಡಿಮೆಯಾಗುವಂತೆ ಜಾಡುಗಳನ್ನು ಆರಿಸುವಂತೆಯೂ ಇಲಾಖೆಗಳಿಗೆ ವಿಧಿಸಿದನು. ಅಲ್ಲಿಯ ಸವಾರನು ಹೊರಡುವ ಮುನ್ನ ಯಾವ ಜಾಡು ತೆರೆದಿದೆಯೆಂದು ನಕ್ಷೆಯನ್ನು ನೋಡುವುದು ಇದರ ಫಲ. ಅದೇ ವರ್ಷ ಭಾರತದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬಂದಿತು. ಅಭಯಧಾಮದೊಳಕ್ಕೆ ಅಪ್ಪಣೆಯಿಲ್ಲದೆ ಹೋಗಕೂಡದೆಂದು ಅದು ಹೇಳುವುದು. ಮೀಸಲು ಕಾಡಿನೊಳಗಿನ ಅತಿಕ್ರಮ ಪ್ರವೇಶವನ್ನು ೧೯೬೩ರ ಕರ್ನಾಟಕ ಅರಣ್ಯ ಕಾಯಿದೆಯು ಮೊದಲೇ ನಿಷೇಧಿಸಿತ್ತು. ನಮ್ಮ ಕಾನೂನಿನ ಸ್ವಭಾವವು ಬಾಗಿಲನ್ನು ಮುಚ್ಚಿ ಬೀಗದ ಕೈಯನ್ನು ಕಛೇರಿಯಲ್ಲಿಡುವುದು. ಗೋಮಾಳ, ಕಾವಲುಗಳ ವಿಷಯದಲ್ಲಿ ಬಾಗಿಲೂ ಇಲ್ಲ, ಬೀಗವೂ ಇಲ್ಲ. ಅವು ಯಾರದೂ ಅಲ್ಲವೆಂದು ತಿಳಿದವರು ಎಲ್ಲ ಕಡೆಯಿಂದಲೂ ಒಳಗೆ ಬರುವರು.

ಎಲ್ಲವನ್ನೂ ಮುಚ್ಚಿಬಿಡಬೇಕೆನ್ನುವವರ ಮಾತೂ ಪೂರ್ಣವಾಗಿ ಸರಿಯಲ್ಲ. ಬೆಂಗಳೂರಿನ ಸವಾರನನ್ನು ತಡೆಯಲೆಂದು ತೋಡಿದ ಅಗಳು ಹಟ್ಟಿಯ ಕುರಿಗಳನ್ನೂ ತಡೆಯುವುದು. ಕಾಲುದಾರಿಗೆ ಅಡ್ಡಲಾಗಿ ಎಳೆದ ತಂತಿಯು ಶಾಲೆಗೆ ಹೋಗುವ ಹುಡುಗನ ದಾರಿಯನ್ನೂ ಕೊಯ್ಯುವುದು. ನಕ್ಷೆಯಲ್ಲಿರುವ ಹಳೆಯ ಬಂಡಿದಾರಿಗಳು ಹಲವು ಕಡೆ ಉಳಿದಿರುವುದು ಯಾರಾದರೂ ಅವುಗಳ ಮೇಲೆ ಓಡಾಡುತ್ತಿರುವುದರಿಂದಲೇ. ಜಾಡಿನಲ್ಲಿಯೇ ನಿಧಾನವಾಗಿ ಹೋಗುವ ಸವಾರನಿಗೂ, ಜಾಡನ್ನು ಬಿಟ್ಟು ಹುಲ್ಲಿನ ಮೇಲೆ ಸುತ್ತು ಹೊಡೆಯುವವನಿಗೂ ಇರುವ ಅಂತರವು ಲಂಬಾಣಿಗಳ ಹೇರಿಗೂ ಕೊಳ್ಳೆಯ ದಂಡಿಗೂ ಇದ್ದಷ್ಟೇ ದೊಡ್ಡದು.

ಈಗ ಹೊರಡುವವನ ಕೈಯಲ್ಲಿರುವ ಸಾಧನಗಳು ಬುಕಾನನ್ನನ ಕನಸಿಗೂ ಮೀರಿದುವು. ಭಾರತೀಯ ಸರ್ವೇಕ್ಷಣಾ ಇಲಾಖೆಯ ನಕ್ಷೆಗಳು ಸುಲಭವಾಗಿ ದೊರೆಯುವುವು. ಆಕಾಶದಿಂದ ತೆಗೆದ ಚಿತ್ರದಲ್ಲಿ ಒಂದೊಂದು ಓಣಿಯೂ ಕಾಣುವುದು. ದಿಶಾಂಕ್ ಎಂಬ ಸರಕಾರದ ಆ್ಯಪಿನಲ್ಲಿ ನಿಂತ ನೆಲದ ಸರ್ವೆ ನಂಬರನ್ನು ನಿಂತಲ್ಲಿಯೇ ತಿಳಿಯಬಹುದು. ಅರಣ್ಯದ ಗಡಿಯೆಲ್ಲಿಯೆಂಬುದನ್ನು ವಲಯದ ಕಛೇರಿಯಲ್ಲಿ ಕೇಳಬಹುದು. ಬಂಡಿದಾರಿಯು ಸಾರ್ವಜನಿಕವೇ ಅಲ್ಲವೇ ಎಂಬುದನ್ನು ತಾಲ್ಲೂಕಿನ ಮೋಜಣಿದಾರನಲ್ಲಿ ಕೇಳಬಹುದು. ಆದರೆ ಕಳೆದ ವಾರದ ಮಳೆಗೆ ಯಾವ ಹಳ್ಳದ ಮರಳು ಸಡಿಲವಾಗಿದೆ, ಯಾವ ದೊಣೆಯಲ್ಲಿ ಇನ್ನೂ ನೀರುಂಟು, ಯಾವ ಗುಡ್ಡದ ಮಗ್ಗುಲಲ್ಲಿ ಕರಡಿಯು ಮರಿ ಹಾಕಿದೆ, ಯಾವ ಹುಲ್ಲನ್ನು ಬೇಸಗೆಗೆಂದು ಬಿಟ್ಟಿದ್ದಾರೆ ಎಂಬುದು ಈ ಯಾವುದರಲ್ಲಿಯೂ ಬರೆದಿಲ್ಲ. ಅದನ್ನು ಬಲ್ಲವನು ಹಟ್ಟಿಯ ಮುಂದೆ ಕಂಬಳಿ ಹಾಸಿ ಕುಳಿತಿರುವನು, ಕೇಳಿದರೆ ಹೇಳುವನು.